ಕೆಸರಜ್ಜಿಯ ಗಂಟಲು

ಡಬ್ಬಿಂಗ್ ಸ್ಟುಡಿಯೋದಲ್ಲಿ ಅವಳಿಗೆ ಗಿಣಿ ಎಂಬ ಅಡ್ಡಹೆಸರು ಬಿದ್ದದ್ದು ಕೆಲಸಕ್ಕೆ ಸೇರಿದ ಹೊಸದರಲ್ಲೇ. ಮಕ್ಕಳ ಕಾರ್ಯಕ್ರಮವೊಂದರ ಪಂಜರದ ಗಿಣಿಗೆ ದನಿ ಕೊಡಬೇಕಾದವಳು ನೆಗಡಿ ಹಿಡಿದು ಮಲಗಿದ್ದಳು. ಗುಂಪಿನ ಗದ್ದಲಕ್ಕೆಂದು ಕರೆಸಿದ್ದ ಇವಳನ್ನು ತಂದು ಮೈಕಿನ ಮುಂದೆ ನಿಲ್ಲಿಸಿದರು. ಇವಳು ಬಾಯಿ ತೆರೆದದ್ದೇ ತಡ, ಗಾಜಿನ ಆಚೆ ಕೂತವರು ಪಂಜರ ಎಲ್ಲಿದೆ ಎಂದು ಹುಡುಕುವ ಹಾಗಾಯಿತು. ಅಂದಿನಿಂದ ಬಾಗಿಲು ಕಾಯುವವನಿಂದ ಹಿಡಿದು ಸ್ಟುಡಿಯೋದ ಯಜಮಾನರವರೆಗೆ ಎಲ್ಲರಿಗೂ ಅವಳು ಗಿಣಿ. ಹೆಸರಿಗೆ ತಕ್ಕ ಹಾಗೆ ಅವಳ ಪಾಲಿಗೆ ಬರುತ್ತಿದ್ದ ಪಾತ್ರಗಳೂ ಅಂಥವೇ. ಅಳುವ ಮಗು, ಎರಡನೇ ದಾಸಿ, ‘ಅಯ್ಯೋ ಬೆಂಕಿ’ ಎಂದು ಓಡುವ ಹೆಂಗಸು, ಒಮ್ಮೊಮ್ಮೆ ಬೆಕ್ಕು. ನಾಯಕಿಯ ದನಿ ಒಂದು ದಿನವೂ ಸಿಕ್ಕಿರಲಿಲ್ಲ. ಅದರ ಬಗ್ಗೆ ಅವಳಿಗೆ ಬೇಸರವಿರಲಿಲ್ಲ ಎಂದರೆ ಸುಳ್ಳಾದೀತು. ಬೇಕಾದಷ್ಟಿತ್ತು, ಆದರೆ ಆಡಿ ತೋರಿಸುವಂಥದ್ದಲ್ಲ.

ಸ್ಟುಡಿಯೋ ಎಂದರೆ ದೊಡ್ಡದೇನೂ ಅಲ್ಲ. ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿ ಎರಡು ಕೋಣೆ, ನಡುವೆ ದಪ್ಪ ಗಾಜು. ಈಚೆ ಗೋಡೆಗೆಲ್ಲ ಸ್ಪಂಜು ಹೊಡೆದಿದ್ದರು. ಬೇಸಿಗೆಯಲ್ಲಿ ಅದು ಹಳೆಯ ಹಾಸಿಗೆಯ ವಾಸನೆ ಬಿಡುತ್ತಿತ್ತು. ರೆಕಾರ್ಡಿಂಗ್ ನಡೆಯುವಾಗ ಫ್ಯಾನ್ ಹಾಕುವಂತಿಲ್ಲ, ಬಳೆ ತೊಡುವಂತಿಲ್ಲ, ಸರಭರ ಎನ್ನುವ ಬಟ್ಟೆ ಉಡುವಂತಿಲ್ಲ. ಹೊಟ್ಟೆ ಹಸಿದು ಗುರ್ ಎಂದರೆ ಅದನ್ನೂ ಮೈಕು ಹಿಡಿದುಕೊಳ್ಳುತ್ತದೆ ಎಂದು ಗಿಣಿ ಯಾವಾಗಲೂ ಚೀಲದಲ್ಲಿ ಒಂದು ಬಾಳೆಹಣ್ಣು ಇಟ್ಟುಕೊಂಡಿರುತ್ತಿದ್ದಳು. ಗಾಜಿನ ಆಚೆ ಕೂತು ಯಂತ್ರ ನೋಡಿಕೊಳ್ಳುವವನಿಗೆ ಎಲ್ಲರೂ ಗುಂಡಿಯಣ್ಣ ಎನ್ನುತ್ತಿದ್ದರು. ಬೆಳಗಿನಿಂದ ಸಂಜೆಯವರೆಗೆ ಗುಂಡಿ ಒತ್ತುವುದೇ ಅವನ ಬಾಳು. ಎಂಥ ಹಾಸ್ಯದ ದೃಶ್ಯ ಬಂದರೂ ಮುಖದ ಮೇಲೆ ಒಂದು ಗೆರೆ ಅಲುಗದ ಮನುಷ್ಯ ಅವನು.

ಇಷ್ಟೆಲ್ಲ ದನಿ ಗಿಣಿಯ ಗಂಟಲಿಗೆ ಎಲ್ಲಿಂದ ಬಂದವು ಎಂದು ಕೇಳಿದರೆ ಅವಳ ಚಿಕ್ಕಮ್ಮನ ಕಡೆಗೇ ಬೆರಳು ತೋರಿಸಬೇಕು. ಗಿಣಿಯ ತಾಯಿ ತೀರಿಕೊಂಡಾಗ ಗಿಣಿಗೆ ಚಪ್ಪಲಿಯ ಎಡ ಬಲ ಗೊತ್ತಾಗದ ವಯಸ್ಸು. ತಾಯಿಯ ತಂಗಿ ಬಂದು ಎತ್ತಿಕೊಂಡು ಹೋದಳು. ಚಿಕ್ಕಮ್ಮ ಮದುವೆಯಾಗಲಿಲ್ಲ, ಆಗುವ ಯೋಚನೆಯನ್ನೂ ಮಾಡಲಿಲ್ಲ. ಹಿಟ್ಟಿನ ಗಿರಣಿಯಲ್ಲಿ ಕೆಲಸ. ಹಗಲೆಲ್ಲ ಯಂತ್ರದ ಗಲಾಟೆಯ ಮೇಲೆ ಕೂಗಿ ಕೂಗಿ, ಹಿಟ್ಟಿನ ಧೂಳು ಕುಡಿದು ಕುಡಿದು, ಅವಳ ಗಂಟಲು ಕೆಟ್ಟು ಒಂದು ಹದಕ್ಕೆ ಬಂದು ನಿಂತಿತ್ತು. ದಪ್ಪ ದನಿ, ಒಳಗೆಲ್ಲೋ ಜಲ್ಲಿ ಉರುಳಿದ ಹಾಗೆ. ಮಾತಿನ ಕೊನೆಯನ್ನು ಎಳೆಯುತ್ತಿದ್ದಳು, ಎರಡು ಮಾತಿನ ನಡುವೆ ಸಣ್ಣದೊಂದು ಕೆಮ್ಮು. ಗಿರಣಿಯ ಬೀದಿಯಲ್ಲಿ ಎಲ್ಲರೂ ಹೆಚ್ಚು ಕಡಿಮೆ ಹಾಗೆಯೇ ಮಾತಾಡುತ್ತಿದ್ದರು. ಸಂಜೆ ಕೈಕಾಲು ತೊಳೆದು ಗೋಡೆಗೊರಗಿ ಕೂತು ಅದೇ ಗಂಟಲಿನಲ್ಲಿ ಅವಳು ಕಥೆ ಹೇಳುತ್ತಿದ್ದರೆ ನರಿ ಬೇರೆ, ಕರಡಿ ಬೇರೆ, ತುಕ್ಕು ಹಿಡಿದ ಬಾಗಿಲು ಬೇರೆ. ಗಿಣಿ ಕಲಿತ ಶಾಲೆ ಅದೊಂದೇ.

ಗಿರಣಿ ಮುಚ್ಚಿದ ಮೇಲೆ ಚಿಕ್ಕಮ್ಮ ಹತ್ತಿರದ ಶಿಶುವಿಹಾರದಲ್ಲಿ ಆಯಾ ಆದಳು. ಆ ಕೆಲಸ ಅವಳಿಗೆಂದೇ ಕಾದು ಕೂತಿತ್ತೇನೋ. ಬೆಳಿಗ್ಗೆ ಗೇಟಿನ ಬಳಿ ಕುಕ್ಕರುಗಾಲಲ್ಲಿ ಕೂತು ಎರಡೂ ಕೈ ಚಾಚಿ, ‘ಬಾ ಮರೀ ಬಾ... ಮಡಿಲು ಖಾಲಿ ಇದೇ...’ ಎಂದು ಎಳೆದು ಕರೆದಳೆಂದರೆ, ಅಪ್ಪನ ಕೊರಳು ಬಿಡಲೊಲ್ಲದೆ ಅಳುತ್ತಿದ್ದ ಮಗುವೂ ಜಾರಿ ಇಳಿದು ಬಂದು ಆ ಮಡಿಲಿಗೆ ಬೀಳುತ್ತಿತ್ತು. ಮಧ್ಯಾಹ್ನ ಚಾಪೆಯ ಮೇಲೆ ಸಾಲಾಗಿ ಮಲಗಿದ ಮಕ್ಕಳಿಗೆ ಅವಳು ಗೊರಗೊರ ಎಂದು ಏನೋ ಗುನುಗಿದರೆ ಸಾಕು, ಒಂದೊಂದೇ ರೆಪ್ಪೆ ಮುಚ್ಚುತ್ತಿತ್ತು. ‘ನಂಗೆ ಹೊಟ್ಟೇಲಿ ಹುಟ್ಟಿದ್ದು ಒಂದೂ ಇಲ್ಲ. ಆದ್ರೆ ನೋಡು, ದಿನಾ ಬೆಳಿಗ್ಗೆ ಒಂದು ಗಾಡಿ ತುಂಬ ಬರ್ತವೆ’ ಎಂದು ಗಿಣಿಯ ಹತ್ತಿರ ಜಂಬ ಕೊಚ್ಚಿಕೊಳ್ಳುತ್ತಿದ್ದಳು.

ಹೀಗಿರುವಾಗ ಸ್ಟುಡಿಯೋಕ್ಕೆ ‘ಬೆಳ್ಳಿಕೋಟೆ’ ಎಂಬ ಹೊಸ ಟೀವಿ ಧಾರಾವಾಹಿ ಬಂತು. ಹಾರುವ ಕುದುರೆ, ಮಾತಾಡುವ ಖಡ್ಗ, ಮೋಡದ ಮೇಲೆ ಕೋಟೆ, ಕೆಳಗೆ ಕೊಳಕು ಜೌಗು. ಕೋಟೆಯಲ್ಲಿರುವವರೆಲ್ಲ ಒಳ್ಳೆಯವರು, ಜೌಗಿನಲ್ಲಿರುವವರೆಲ್ಲ ಕೆಟ್ಟವರು. ಹೊತ್ತು ನೋಡದೆ ಟೀವಿ ಹಚ್ಚಿದವರಿಗೂ ಇದು ಗೊಂದಲವಾಗಬಾರದೆಂದು ಸಂಭಾಷಣೆ ಬರೆಯುವವರು ಒಂದು ಉಪಾಯ ಮಾಡಿದ್ದರು. ಕೋಟೆಯ ರಾಣಿ ಬಾಯಿ ತೆರೆದರೆ ‘ಬನ್ನಿ ಮಕ್ಕಳೇ, ಭಯಪಡದಿರಿ’ ಎಂದು ಪುಸ್ತಕ ಓದಿದ ಹಾಗೆ. ಜೌಗಿನವರು ಬಾಯಿ ತೆರೆದರೆ ‘ಏನ್ಲಾ, ಬಾರ್ಲಾ’. ಕುದುರೆಗೂ ಶುದ್ಧ ಭಾಷೆ ಕೊಟ್ಟಿದ್ದರು. ಜೌಗಿನ ಮನುಷ್ಯರಿಗೆ ಕೊಟ್ಟಿರಲಿಲ್ಲ. ಗಿಣಿಗೆ ಆಗ ಇದು ತಲೆಗೇ ಹೋಗಲಿಲ್ಲ. ಅವಳಿಗೆ ಸಿಕ್ಕಿದ್ದು ಮತ್ತೆ ಎರಡನೇ ದಾಸಿ, ಅದರ ಸಿಟ್ಟಿನಲ್ಲಿದ್ದಳು.

ಜೌಗಿನ ಒಡತಿ ಕೆಸರಜ್ಜಿ. ಮಕ್ಕಳನ್ನು ಕರೆದು ಕೆಸರಿಗೆ ಎಳೆದುಕೊಳ್ಳುವವಳು. ಮುಖಕ್ಕೆ ರಬ್ಬರಿನ ನರುಲಿ, ಬಾಯಿಗೆ ಕೋರೆಹಲ್ಲು. ಅವಳಿಗೆ ದನಿ ಕೊಡಬೇಕಿದ್ದ ಹಿರಿಯ ಕಲಾವಿದೆ ಆ ದಿನ ಬರಲಿಲ್ಲ. ಇಂಥ ಹೊತ್ತಿನಲ್ಲಿ ಕೆಲಸ ನಿಲ್ಲಬಾರದೆಂದು ಯಾರಾದರೊಬ್ಬರು ಸುಮ್ಮನೆ ಮಾತು ತುಂಬಿಸಿ ಇಡುತ್ತಾರೆ, ಅದಕ್ಕೆ ಪೈಲಟ್ ಎನ್ನುತ್ತಾರೆ. ತುಟಿಯ ಅಳತೆಗೆ ಅಷ್ಟೇ. ನಿಜವಾದ ಕಲಾವಿದೆ ಬಂದ ಮೇಲೆ ಅದನ್ನು ಅಳಿಸಿಬಿಡುತ್ತಾರೆ. ಡಬ್ಬಿಂಗ್ ನೋಡಿಕೊಳ್ಳುವ ಮೇಷ್ಟ್ರು ಗಾಜು ತಟ್ಟಿ, ‘ಗಿಣೀ, ಒಂದು ಪೈಲಟ್ ಹಾಕಿಬಿಡಮ್ಮ, ಚಹಾ ಕುಡಿದು ಬರ್ತೀನಿ’ ಎಂದು ಹೊರಟರು.

ಬರೆದುಕೊಟ್ಟ ಮಾತು ‘ಎಲವೋ ಬಾಲಕ, ಇತ್ತ ಬಾರ್ಲಾ’ ಎಂದಿತ್ತು. ಅದು ಪರದೆಯ ಮೇಲಿನ ತುಟಿಗೆ ಯಾವ ಕಡೆಯಿಂದಲೂ ಕೂರಲಿಲ್ಲ. ಕೋರೆಹಲ್ಲಿನ ನಟಿ ಪರಭಾಷೆಯವಳು, ಎರಡೂ ಕೈ ಚಾಚಿ ತನ್ನ ಭಾಷೆಯಲ್ಲಿ ಏನನ್ನೋ ಎಳೆದು ಎಳೆದು ಕರೆಯುತ್ತಿದ್ದಳು. ಗಿಣಿ ಎರಡು ಸಲ ಪ್ರಯತ್ನಿಸಿ ಕೈಬಿಟ್ಟಳು. ಹೇಗೂ ಅಳಿಸುವಂಥದ್ದು ತಾನೇ ಎಂದು, ಗುಂಡಿಯಣ್ಣನನ್ನು ಒಮ್ಮೆ ನಗಿಸಿಯೇ ಬಿಡೋಣವೆಂದು, ಚಿಕ್ಕಮ್ಮನ ಗಂಟಲನ್ನು ತಂದು ತನ್ನ ಗಂಟಲಿಗೆ ಹಾಕಿಕೊಂಡಳು. ‘ಬಾ ಮರೀ ಬಾ... ಮಡಿಲು ಖಾಲಿ ಇದೇ...’ ನಡುವೆ ಆ ಸಣ್ಣ ಕೆಮ್ಮು. ಅದು ಆ ತುಟಿಗೆ ಅಚ್ಚು ಹೊಡೆದ ಹಾಗೆ ಕೂತಿತು. ಗಾಜಿನ ಆಚೆ ಗುಂಡಿಯಣ್ಣ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

ಮೇಷ್ಟ್ರು ಚಹಾ ಲೋಟ ಹಿಡಿದು ಬಂದವರು ಬಾಗಿಲಲ್ಲೇ ನಿಂತರು. ‘ಇನ್ನೊಂದ್ಸಲ ಹಾಕು’ ಎಂದರು. ಕೇಳಿದರು. ಲೋಟ ಕೆಳಗಿಟ್ಟು ಡೈರೆಕ್ಟರಿಗೆ ಫೋನ್ ಮಾಡಿದರು. ‘ಅಯ್ಯೋ ಸರ್, ಅದು ತಮಾಷೆಗೆ’ ಎಂದು ಗಿಣಿ ಅನ್ನುತ್ತಲೇ ಇದ್ದಳು. ‘ತಮಾಷೆ ಅಲ್ಲಮ್ಮ, ಇದು ಚಿನ್ನ. ಕೇಳಿದ್ರೆ ಮೈ ಜುಮ್ ಅನ್ನುತ್ತೆ. ಅಳಿಸೋದು ಬೇಡ ಅಂದ್ರು. ಇನ್ಮೇಲೆ ಕೆಸರಜ್ಜಿ ನೀನೇ’ ಎಂದರು ಮೇಷ್ಟ್ರು. ನಿಜ ಹೇಳಬೇಕೆಂದರೆ ಆ ಕ್ಷಣ ಗಿಣಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಎಷ್ಟು ವರ್ಷ ಬೆಕ್ಕಾಗಿ, ಬೆಂಕಿಗೆ ಓಡಿ ಆಗಿತ್ತು! ಮನೆಗೆ ಹೋಗಿ ಚಿಕ್ಕಮ್ಮನಿಗೆ ‘ದೊಡ್ಡ ಪಾತ್ರ ಸಿಕ್ತು’ ಎಂದಷ್ಟೇ ಹೇಳಿದಳು. ಯಾರ ದನಿಯಲ್ಲಿ ಎಂಬುದನ್ನು ನುಂಗಿಕೊಂಡಳು.

ಧಾರಾವಾಹಿ ಶುರುವಾದ ಸಂಜೆ ಚಿಕ್ಕಮ್ಮ ಅಕ್ಕಪಕ್ಕದವರನ್ನೆಲ್ಲ ಕರೆದು ಕೂರಿಸಿದ್ದಳು. ಕೆಸರಜ್ಜಿ ಜೌಗಿನಿಂದ ತಲೆ ಎತ್ತಿ ‘ಬಾ ಮರೀ ಬಾ’ ಎಂದಾಗ ಎದುರು ಮನೆಯ ಅಜ್ಜಿ ‘ಅವ್ವಯ್ಯಾ!’ ಎಂದು ಎದೆ ಮುಟ್ಟಿಕೊಂಡಳು. ಗಿಣಿ ಟೀವಿ ನೋಡಲಿಲ್ಲ, ಚಿಕ್ಕಮ್ಮನ ಮುಖ ನೋಡುತ್ತಿದ್ದಳು. ಚಿಕ್ಕಮ್ಮ ಒಂದು ಗಳಿಗೆ ಸುಮ್ಮನಿದ್ದಳು. ಆಮೇಲೆ, ‘ಥೂ, ಎಂಥ ಗಂಟಲೇ ಅದು! ಅಷ್ಟೊತ್ತು ಹಂಗೆ ಮಾತಾಡಿದ್ರೆ ನಿಂಗೆ ನೋವಾಗಲ್ವಾ?’ ಎಂದು ಎದ್ದು ಹೋಗಿ ಉಪ್ಪು ಹಾಕಿದ ಬಿಸಿನೀರು ತಂದುಕೊಟ್ಟಳು. ಗಿಣಿಗೆ ಹೋದ ಜೀವ ಬಂದ ಹಾಗಾಯಿತು. ಯಾರಿಗೂ ತಮ್ಮ ದನಿಯ ಗುರುತು ಹತ್ತುವುದಿಲ್ಲ, ಇದು ಅವಳಿಗೆ ಕಸುಬಿನಿಂದ ಗೊತ್ತಿತ್ತು. ಮೊದಲ ಸಲ ತಮ್ಮದೇ ರೆಕಾರ್ಡಿಂಗ್ ಕೇಳಿದವರೆಲ್ಲ ‘ಇದ್ಯಾರು’ ಎಂದೇ ಕೇಳುತ್ತಾರೆ. ಚಿಕ್ಕಮ್ಮನೂ ಹಾಗೆಯೇ ಎಂದುಕೊಂಡು ಉಪ್ಪುನೀರು ಬಾಯಿಗೆ ಹಾಕಿಕೊಂಡಳು.

ಕೆಸರಜ್ಜಿಯ ಹುಚ್ಚು ಊರಿಗೆ ಊರನ್ನೇ ಹಿಡಿಯಿತು. ಊಟ ಬೇಡವೆನ್ನುವ ಮಕ್ಕಳಿಗೆ ತಾಯಂದಿರು ಅವಳನ್ನು ತೋರಿಸಿದರು. ಬಸ್ಸಿನಲ್ಲಿ ಯಾರದೋ ಫೋನ್ ‘ಮಡಿಲು ಖಾಲಿ ಇದೇ’ ಎಂದು ರಿಂಗಾಯಿತು. ಗಿರಣಿ ಬೀದಿಯ ಹೆಂಗಸರು ಅಂಗಡಿಗೆ ಹೋದರೆ ಕಾಲೇಜು ಹುಡುಗರು ಹಿಂದಿನಿಂದ ಕೆಮ್ಮತೊಡಗಿದರು. ಹೊಸದೊಂದು ಬೈಗುಳವೂ ಹುಟ್ಟಿಕೊಂಡಿತು. ಯಾರಾದರೂ ಸ್ವಲ್ಪ ಎಳೆದು ಮಾತಾಡಿದರೆ ‘ಏನ್ರೀ, ಜೌಗಿನಿಂದ ಬಂದ್ರಾ?’ ಎನ್ನುವುದು. ಸ್ಟುಡಿಯೋದಲ್ಲಿ ಗಿಣಿಗೆ ಕುರ್ಚಿ ಹಾಕಿ ಕೂರಿಸಿ ಮಾತಾಡಿಸತೊಡಗಿದ್ದರು.

ಒಂದು ಬೆಳಿಗ್ಗೆ ಶಿಶುವಿಹಾರದ ಗೇಟಿನಲ್ಲಿ ಚಿಕ್ಕಮ್ಮ ಎಂದಿನಂತೆ ಕುಕ್ಕರುಗಾಲಲ್ಲಿ ಕೂತು ಕೈ ಚಾಚಿದಳು. ‘ಬಾ ಮರೀ ಬಾ’ ಎಂದಳು. ಹೊಸದಾಗಿ ಸೇರಿದ ಪುಟ್ಟಿಯೊಂದು ಅವಳ ಮುಖ ನೋಡಿತು, ಕೈ ನೋಡಿತು, ಕಿಟಾರನೆ ಕಿರುಚಿ ಅಪ್ಪನ ಕಾಲಿನ ನಡುವೆ ಹೊಕ್ಕಿತು. ‘ಕೆಸರಜ್ಜಿ! ಕೆಸರಜ್ಜಿ!’ ಹಿಂದೆ ಬರುತ್ತಿದ್ದ ಮಕ್ಕಳೂ ನಿಂತವು. ನಿನ್ನೆಯವರೆಗೆ ಅವಳ ಸೆರಗು ಹಿಡಿದು ತಿರುಗುತ್ತಿದ್ದವೂ ಈಗ ಅವಳ ಬಾಯಿಯನ್ನೇ ನೋಡತೊಡಗಿದವು. ಹೊಸದಾಗಿ ಕೇಳಿಸಿಕೊಂಡವರ ಹಾಗೆ. ಮಧ್ಯಾಹ್ನ ಅವಳು ಗುನುಗಲು ಶುರುಮಾಡಿದರೆ ಒಂದು ಹುಡುಗ ಚಾಪೆಯಲ್ಲೇ ಉಚ್ಚೆ ಹೊಯ್ದುಕೊಂಡ. ತಾಯಂದಿರು ದೂರು ಹೇಳಿದರು. ‘ಪಾಪ, ಒಳ್ಳೆ ಹೆಂಗಸೇ, ಆದ್ರೂ...’ ಎಂದು ಶುರುಮಾಡಿ ಆ ‘ಆದ್ರೂ’ ಹಿಡಿದೇ ಮಾತು ಮುಗಿಸಿದರು.

ಶಿಶುವಿಹಾರದ ದೊಡ್ಡ ಟೀಚರ್ ಕೆಟ್ಟವರೇನಲ್ಲ. ಚಿಕ್ಕಮ್ಮನನ್ನು ಒಳಗೆ ಕರೆದು, ಕೂರಿಸಿ, ಮೆತ್ತಗೆ ಹೇಳಿದರು. ‘ತಪ್ಪು ತಿಳ್ಕೋಬೇಡಿ ಆಯಾ. ಆ ಹಾಳು ಸೀರಿಯಲ್ಲು ಮುಗಿಯೋವರೆಗೂ ಮಕ್ಕಳ ಮುಂದೆ ಮಾತು ಬೇಡ. ಕೆಲಸ ಮಾಡ್ಕೊಂಡು ಹೋಗಿ, ಬಾಯಿ ಮಾತ್ರ ತೆರೀಬೇಡಿ. ಅಷ್ಟೂ ಆಗದಿದ್ರೆ ಬೇರೆ ಯಾರನ್ನಾದ್ರೂ ನೋಡ್ಬೇಕಾಗುತ್ತೆ.’

ಇದನ್ನು ಚಿಕ್ಕಮ್ಮ ಮನೆಗೆ ಬಂದು ನಗುತ್ತಲೇ ಹೇಳಿದಳು. ‘ನೋಡು ಗ್ರಹಚಾರ. ಆ ಮುದುಕಿ ದನಿಯೂ ನನ್ನ ದನಿಯೂ ಒಂದೇ ಥರ ಅಂತೆ!’ ತಟ್ಟೆ ಮುಂದಿಟ್ಟುಕೊಂಡ ಮೇಲೆ ನಗು ಎಲ್ಲೋ ಹೋಯಿತು. ‘ಎತ್ಕೊಳ್ಳೋಕೂ ಬಿಡಲ್ಲ ಅವು’ ಎಂದಳು. ಗಿಣಿ ಅವಳ ತಟ್ಟೆಗೆ ಇನ್ನಷ್ಟು ಸಾರು ಬಡಿಸಿದಳು. ಹೇಳಿಬಿಡಬೇಕು ಎನಿಸಿತು. ಹೇಳಲಿಲ್ಲ. ಮೊದಲು ಆ ದನಿಯನ್ನು ಕೆಸರಜ್ಜಿಯ ಬಾಯಿಯಿಂದ ಕಿತ್ತು ತೆಗೆಯುತ್ತೇನೆ, ಮಕ್ಕಳು ಮರೆಯುತ್ತವೆ, ಚಿಕ್ಕಮ್ಮ ಮತ್ತೆ ಗೇಟಿನಲ್ಲಿ ಕೂತು ಕರೆಯುತ್ತಾಳೆ, ಆಮೇಲೆ ಹೇಳುತ್ತೇನೆ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ತನ್ನ ಕೈಯಲ್ಲಿ ಏನೋ ಇದೆ ಎಂಬ ಲೆಕ್ಕ ಅದು.

ಮಾರನೆಯ ದಿನವೇ ಮೇಷ್ಟ್ರ ಹತ್ತಿರ ಹೋದಳು. ‘ಸರ್, ಕೆಸರಜ್ಜಿಗೆ ಬೇರೆ ದನಿ ಮಾಡ್ತೀನಿ. ಇದಕ್ಕಿಂತ ಹೆದರಿಸೋ ಥರ ಮಾಡ್ತೀನಿ. ಕೇಳಿ ನೋಡಿ.’ ಮೂರು ನಾಲ್ಕು ಬಗೆ ಮಾಡಿ ತೋರಿಸಿದಳು. ಹಾವಿನ ಹಾಗೆ, ಗಾಳಿಯ ಹಾಗೆ, ಖಾಲಿ ಹಂಡೆಯ ಹಾಗೆ. ಮೇಷ್ಟ್ರು ಅವಳನ್ನು ಡೈರೆಕ್ಟರ ಬಳಿಗೆ ಕರೆದುಕೊಂಡು ಹೋದರು. ಡೈರೆಕ್ಟರ್ ಚಿಕ್ಕ ವಯಸ್ಸಿನವರು, ನಯವಾಗಿ ಮಾತಾಡುವವರು, ಎದುರಿಗಿದ್ದವರಿಗೆ ಸಿಟ್ಟೇ ಬರದ ಹಾಗೆ.

‘ಅದೆಲ್ಲ ಕಂಪ್ಯೂಟರಿನಲ್ಲೂ ಮಾಡ್ಬಹುದು’ ಎಂದರು. ‘ಇದರಲ್ಲಿ ಏನು ವಿಶೇಷ ಅಂದ್ರೆ, ಇದು ನಿಜವಾದ ಮನುಷ್ಯರ ಥರ ಇದೆ. ಅದಕ್ಕೇ ಜನ ಹೆದರ್ತಾರೆ.’

‘ಅದೇ ಸರ್ ತೊಂದರೆ. ನಿಜವಾಗ್ಲೂ ಹೀಗೆ ಮಾತಾಡೋ ಜನ ಇದಾರೆ.’

‘ಇರ್ಲಿ ಬಿಡಿ. ನಾವು ಯಾರನ್ನೂ ಹೆಸರಿಟ್ಟು ಹೇಳಿಲ್ವಲ್ಲ. ಇದು ಕಲ್ಪನೆಯ ಲೋಕ. ಹಾರೋ ಕುದುರೆ ಇದೆ.’

‘ಹಾಗಾದ್ರೆ ರಾಣೀನೂ ಒಂದೆರಡು ಮಾತು ನಮ್ಮ ಥರ ಆಡ್ಲಿ ಸರ್. ಒಳ್ಳೆಯವರೂ ಹೀಗೆ ಮಾತಾಡ್ತಾರೆ ಅಂತ ಮಕ್ಕಳಿಗೆ ಗೊತ್ತಾಗ್ಲಿ.’

ಡೈರೆಕ್ಟರ್ ಬಾಯ್ತುಂಬ ನಕ್ಕರು. ಅದರಲ್ಲಿ ಕುಹಕವೇನೂ ಇರಲಿಲ್ಲ. ಕುದುರೆ ಹಾರುವುದನ್ನು ಯೋಚಿಸಬಲ್ಲ ಮನುಷ್ಯನಿಗೆ ರಾಣಿ ಗಿರಣಿ ಬೀದಿಯ ಮಾತಾಡುವುದನ್ನು ಯೋಚಿಸಲು ಆಗಲಿಲ್ಲ. ಅವಳ ಭುಜ ತಟ್ಟಿ, ‘ಚಿಂತೆ ಮಾಡ್ಬೇಡಿ. ಕೆಸರಜ್ಜಿ ಬೇಗ ಸಾಯ್ತಾಳೆ. ಕಥೆಯಲ್ಲಿ ಬರ್ದಾಗಿದೆ’ ಎಂದು ಕಳಿಸಿದರು.

ಗಿಣಿ ಈ ಮಾತಿಗೆ ಜೋತುಬಿದ್ದಳು. ಅಲ್ಲಿಯವರೆಗೆ ತನ್ನ ಕೈಲಾದದ್ದು ಮಾಡೋಣವೆಂದು ಕಳ್ಳತನದಿಂದ ದನಿಯನ್ನು ಸವೆಸತೊಡಗಿದಳು. ಒಂದು ಕಂತಿನಲ್ಲಿ ಕೆಮ್ಮು ಬಿಟ್ಟಳು, ಇನ್ನೊಂದರಲ್ಲಿ ಎಳೆತ ಕಡಿಮೆ ಮಾಡಿದಳು. ಗುಂಡಿಯಣ್ಣನಿಗೆ ತಿಳಿಯಿತು, ಅವನು ಒಳ್ಳೆಯವನು, ತಿಳಿಯದವನ ಹಾಗೆ ಕೂತ. ಆದರೆ ನೋಡುವವರು ಬಿಡಬೇಕಲ್ಲ! ಕೆಸರಜ್ಜಿಯ ಗತ್ತು ಹೋಯಿತೆಂದು ಚಾನೆಲ್ಲಿಗೆ ದೂರಿನ ಮೇಲೆ ದೂರು. ಮೇಷ್ಟ್ರು ಹಳೆಯ ಕಂತು ಹಾಕಿಸಿ, ಗಿಣಿಯನ್ನು ಎದುರಿಗೆ ಕೂರಿಸಿ, ಎಲ್ಲೆಲ್ಲಿ ಕೆಮ್ಮು ಬರಬೇಕು ಎಂಬುದನ್ನು ತೋರಿಸಿಕೊಟ್ಟರು. ಚಿಕ್ಕಮ್ಮನ ಕೆಮ್ಮನ್ನು ಅವರು ಗಿಣಿಗೆ ಕಲಿಸುತ್ತಿದ್ದರು. ಗಿಣಿ ತಲೆಯಾಡಿಸಿದಳು, ಇನ್ನೇನು ಮಾಡಿಯಾಳು?

ಕಡೆಗೂ ಕೆಸರಜ್ಜಿಯ ಸಾವು ಬಂತು. ಮಾತಾಡುವ ಖಡ್ಗ ಅವಳನ್ನು ಮೂರು ತುಂಡು ಮಾಡಿತು. ಗಿಣಿ ಆ ದಿನ ಮೈಕಿನ ಮುಂದೆ ಜೀವವಿಟ್ಟು ನರಳಿದಳು, ಇದೇ ಕೊನೆಯೆಂದು. ಮನೆಗೆ ಹೋಗುವಾಗ ಹೂವಿನಷ್ಟು ಹಗುರಾಗಿದ್ದಳು. ಆದರೆ ಸತ್ತವಳಿಗಾಗಿ ಜನ ಅತ್ತರೋ ಬೈದರೋ, ನೋಡುವವರ ಸಂಖ್ಯೆಯಂತೂ ನೆಲಕ್ಕಿಳಿಯಿತು. ವಾರ ಕಳೆಯುವಷ್ಟರಲ್ಲಿ ಮೂರು ತುಂಡೂ ಕೆಸರಿನಲ್ಲಿ ತೆವಳಿ ಬಂದು ಒಂದಕ್ಕೊಂದು ಅಂಟಿಕೊಂಡವು. ಅಷ್ಟೇ ಅಲ್ಲ, ಪ್ರತಿ ತುಂಡಿನಿಂದಲೂ ಒಂದೊಂದು ಮರಿ ಕೆಸರಜ್ಜಿ ಹುಟ್ಟಿಕೊಂಡಿತು. ‘ಅದೃಷ್ಟ ಅಂದ್ರೆ ನಿಂದು ಕಣಮ್ಮ, ಎಲ್ಲಾ ನಿಂದೇ ದನಿ’ ಎಂದು ಮೇಷ್ಟ್ರು ಕೈ ಕುಲುಕಿದರು.

ಆ ದಿನವೇ ಗಿಣಿ ಕೆಲಸ ಬಿಟ್ಟಳು. ಬಿಟ್ಟದ್ದು ದೊಡ್ಡ ಸಾಹಸವೆಂದೇನೂ ಅವಳಿಗೆ ಅನಿಸಲಿಲ್ಲ, ಉಸಿರು ಕಟ್ಟಿದವರು ಕಿಟಕಿ ತೆರೆಯುತ್ತಾರಲ್ಲ, ಹಾಗೆ ಬಿಟ್ಟಳು. ದನಿ ತನ್ನದು, ತಾನು ಹೋದರೆ ಅದೂ ಹೋಗುತ್ತದೆ ಎಂದುಕೊಂಡಿದ್ದಳು. ಮುಂದಿನ ಸೋಮವಾರ ಕೆಸರಜ್ಜಿ ಎಂದಿನಂತೆ ಜೌಗಿನಿಂದ ಎದ್ದು ಬಂದಳು. ಅನುಕರಣೆ ಮಾಡುವ ಹುಡುಗಿಯೊಬ್ಬಳನ್ನು ಹಿಡಿದು ತಂದಿದ್ದರು. ಅವಳು ಚಿಕ್ಕಮ್ಮನನ್ನು ನೋಡಿದವಳಲ್ಲ, ಗಿರಣಿಯ ಬೀದಿಗೆ ಕಾಲಿಟ್ಟವಳಲ್ಲ. ಗಿಣಿಯನ್ನು ಕೇಳಿ ಕಲಿತಿದ್ದಳು. ಎಳೆತ ಎರಡರಷ್ಟಾಗಿತ್ತು. ಸಣ್ಣ ಕೆಮ್ಮು ಕ್ಯಾಕರಿಸಿ ಉಗಿಯುವುದಾಗಿತ್ತು. ಜನಕ್ಕೆ ಇದು ಇನ್ನೂ ಹಿಡಿಸಿತು. ಗಿಣಿ ಗುಂಡಿಯಣ್ಣನಿಗೆ ಫೋನ್ ಮಾಡಿದಳು. ‘ಏನು ಮಾಡೋದಕ್ಕಾಗುತ್ತಮ್ಮ’ ಎಂದ ಅವನು. ‘ದನಿ ಒಂದ್ಸಲ ಹೊರಗೆ ಬಂದ ಮೇಲೆ ಅದು ನಿಂದೂ ಅಲ್ಲ, ನಂದೂ ಅಲ್ಲ.’

ಶಿಶುವಿಹಾರದಲ್ಲಿ ಚಿಕ್ಕಮ್ಮ ಬಾಯಿ ಹೊಲಿದುಕೊಂಡು ಓಡಾಡುತ್ತಿದ್ದಳು. ಲೋಟ ತೊಳೆಯುವುದು, ಮೂಗು ಒರೆಸುವುದು, ಚಾಪೆ ಸುತ್ತುವುದು. ಬಿದ್ದ ಮಗುವನ್ನು ಎತ್ತಿ ಮಣ್ಣು ಕೊಡವುತ್ತಿದ್ದಳು, ‘ಏನಾಯ್ತು ಮರೀ’ ಎನ್ನುವಂತಿರಲಿಲ್ಲ. ಒಂದು ಸಂಜೆ ಮನೆಯಲ್ಲಿ ಅವಳು ಗಿಣಿಯ ಎದುರು ಬಂದು ಕೂತಳು.

‘ನೀನು ಎಲ್ಲಾ ಥರ ಮಾತಾಡ್ತೀಯಲ್ಲ. ನಂಗೂ ಒಂದು ಕಲಿಸ್ಕೊಡೇ.’

‘ಏನು ಕಲಿಸ್ಲಿ ಚಿಕ್ಕಮ್ಮ?’

‘ಆ ರಾಣಿ ಮಾತಾಡ್ತಾಳಲ್ಲ, ಹಾಗೆ. ಅವಳು ಕರೆದ್ರೆ ಮಕ್ಕಳು ಓಡಿ ಬರ್ತವೆ.’

ಗಿಣಿ ಬೇಡವೆಂದಳು. ನೀನು ಮಾತಾಡುವುದೇ ಚೆನ್ನ ಎಂದಳು, ನಾಲ್ಕು ದಿನ ತಡಿ, ಎಲ್ಲ ಮರೆಯುತ್ತಾರೆ ಎಂದಳು. ಚಿಕ್ಕಮ್ಮ ಕೇಳಿಸಿಕೊಂಡು, ‘ಮಗಾ, ಬಾಯಿ ಮುಚ್ಕೊಂಡು ಎಷ್ಟು ದಿನ ಇರ್ಲಿ? ಎದೆ ಕಟ್ಟಿದ ಹಾಗೆ ಆಗುತ್ತೆ’ ಎಂದಳು. ಗಿಣಿಗೆ ತನ್ನ ಕಸುಬಿನಿಂದ ಚಿಕ್ಕಮ್ಮನಿಗೆ ಕೊಡಬಹುದಾದದ್ದು ಇದೊಂದೇ ಉಳಿದಿತ್ತು. ಕಲಿಸಲು ಕೂತಳು.

ಗಂಟಲಿನಿಂದ ಮಾತಾಡಬೇಡ, ಉಸಿರಿನಿಂದ ಮಾತಾಡು. ದನಿ ಏರಿಸಬೇಡ. ಮಾತಿನ ತುದಿಯನ್ನು ಎಳೆಯಬೇಡ, ನೆಲಕ್ಕೆ ಲೋಟ ಇಟ್ಟ ಹಾಗೆ ಮೆಲ್ಲಗೆ ಇಡು. ಕೆಮ್ಮು ಬಂದರೆ ನುಂಗು. ‘ಬಾ ಮರೀ’ ಬೇಡ, ‘ಬನ್ನಿ ಮಕ್ಕಳೇ’ ಅನ್ನು. ಮೊದಮೊದಲು ಇಬ್ಬರೂ ಬಿದ್ದು ಬಿದ್ದು ನಕ್ಕರು. ಚಿಕ್ಕಮ್ಮ ರಾಣಿಯ ಹಾಗೆ ಕತ್ತು ನೆಟ್ಟಗೆ ಮಾಡಿ, ‘ಹಾಲಿನವರೇ, ಹಾಲಿಗೆ ನೀರೇಕೆ ಬೆರೆಸಿದಿರಿ?’ ಎಂದು ಬಾಗಿಲಲ್ಲಿ ಕೇಳಿ ಆ ಬಡಪಾಯಿಯನ್ನು ಕಂಗಾಲು ಮಾಡಿದಳು. ದಿನ ಕಳೆದಂತೆ ನಗು ಕಡಿಮೆಯಾಯಿತು, ಕಲಿಕೆ ಹೆಚ್ಚಾಯಿತು. ತರಕಾರಿ ಹೆಚ್ಚುವಾಗ, ಬಟ್ಟೆ ಮಡಿಸುವಾಗ ಚಿಕ್ಕಮ್ಮ ತನ್ನಷ್ಟಕ್ಕೆ ಪಿಸುಗುಟ್ಟುತ್ತಿದ್ದಳು. ಬನ್ನಿ ಮಕ್ಕಳೇ, ಭಯಪಡದಿರಿ. ಎಳೆತ ತಪ್ಪಿ ಬಂದರೆ ತಾನೇ ನಾಲಿಗೆ ಕಚ್ಚಿಕೊಳ್ಳುತ್ತಿದ್ದಳು. ಗಿಣಿಗೆ ಆಗ ಎದ್ದು ಹೊರಗೆ ಹೋಗಬೇಕು ಅನಿಸುತ್ತಿತ್ತು. ಹೋಗುತ್ತಿರಲಿಲ್ಲ. ‘ಇನ್ನೂ ಸ್ವಲ್ಪ ಮೆಲ್ಲಗೆ’ ಎನ್ನುತ್ತಿದ್ದಳು.

ಫಲವೂ ಸಿಕ್ಕಿತು. ದೊಡ್ಡ ಟೀಚರ್ ಒಪ್ಪಿದರು. ಹೊಸ ದನಿಯ ಆಯಾ ಹತ್ತಿರ ಮಕ್ಕಳು ಒಂದೊಂದಾಗಿ ಬಂದವು. ಮಡಿಲಿಗೆ ಬೀಳಲಿಲ್ಲ, ಕೈ ಹಿಡಿದುಕೊಂಡವು. ಅಷ್ಟಕ್ಕೇ ಚಿಕ್ಕಮ್ಮನಿಗೆ ಹಬ್ಬ. ಮಧ್ಯಾಹ್ನ ಗುನುಗಲು ಮಾತ್ರ ಆಗುತ್ತಿರಲಿಲ್ಲ. ಉಸಿರಿನಲ್ಲಿ ಗುನುಗು ಹುಟ್ಟುವುದಿಲ್ಲ. ಮಕ್ಕಳು ಚಾಪೆಯ ಮೇಲೆ ಕಣ್ಣು ಬಿಟ್ಟುಕೊಂಡೇ ಮಲಗಿರುತ್ತಿದ್ದವು.

ಧಾರಾವಾಹಿ ಮುಗಿಯುವ ಲಕ್ಷಣ ಕಾಣಲಿಲ್ಲ. ಗಿಣಿ ಬೇರೆ ಸ್ಟುಡಿಯೋದಲ್ಲಿ ಸೋಪಿನ ಜಾಹೀರಾತಿಗೆ, ಮತ್ತೆ ಬೆಕ್ಕಿಗೆ ದನಿ ಕೊಡುತ್ತಿದ್ದಳು. ಮನೆಯಲ್ಲಿಯೂ ಈಗ ರಾಣಿಯೇ ಮಾತಾಡುತ್ತಿದ್ದಳು. ‘ಬಂದೆಯಾ ಮಗಳೇ? ಕೈಕಾಲು ತೊಳೆದುಕೋ.’ ಗಿಣಿ ಬಹಳ ದಿನ ಸಹಿಸಿಕೊಂಡಳು. ಒಂದು ಸಂಜೆ ಆಗಲಿಲ್ಲ. ಚಪ್ಪಲಿಯನ್ನೂ ಬಿಡದೆ ಹೊಸ್ತಿಲಲ್ಲಿ ಕುಸಿದು ಕೂತು ಅತ್ತುಬಿಟ್ಟಳು. ಚಿಕ್ಕಮ್ಮ ಗಾಬರಿಯಾಗಿ ಪಕ್ಕದಲ್ಲಿ ಬಂದು ಕೂತಳು.

‘ಮನೇಲಾದ್ರೂ ನಿನ್ನ ಹಾಗೆ ಮಾತಾಡು ಚಿಕ್ಕಮ್ಮ. ತಪ್ಪು ನಂದು. ಆ ದನಿ ಅವರಿಗೆ ಕೊಟ್ಟವಳು ನಾನೇ. ನಿನ್ನನ್ನೇ ಮಾಡಿ ತೋರಿಸ್ದೆ. ತಮಾಷೆಗೆ ಅಂತ ಮಾಡಿದ್ದು.’

‘ಗೊತ್ತು’ ಎಂದಳು ಚಿಕ್ಕಮ್ಮ.

ಗಿಣಿ ಮುಖವೆತ್ತಿದಳು.

‘ಮೊದಲ ದಿನವೇ ಗೊತ್ತಾಯ್ತು. ಮಡಿಲು ಖಾಲಿ ಇದೆ ಅಂತ ಇನ್ಯಾರು ಕರೀತಾರೆ? ನಿನಗೆ ಅಷ್ಟು ದಿನಕ್ಕೆ ಒಂದು ದೊಡ್ಡ ಪಾತ್ರ ಸಿಕ್ಕಿತ್ತು. ಎಲ್ಲರೂ ಕೂತಿದ್ದರು. ನಾನು ಬಾಯಿ ಬಿಟ್ಟು ಅದನ್ನು ಯಾಕೆ ಹಾಳು ಮಾಡಲಿ ಅಂತ ಸುಮ್ಮನಾದೆ.’ ಸೆರಗಿನಿಂದ ಗಿಣಿಯ ಮುಖ ಒರೆಸಿದಳು. ‘ಈಗ ನೀನು ಹೇಳಿದರೂ ಬರುವುದಿಲ್ಲ ಕಣೇ. ಒಬ್ಬಳೇ ಇದ್ದಾಗ ಮಾತಾಡಿ ನೋಡಿದೆ. ಟೀವಿಯವಳ ಹಾಗೇ ಬರುತ್ತದೆ, ಕ್ಯಾಕರಿಸಿ. ನಂದು ಹೇಗಿತ್ತು ಅಂತ ನನಗೇ ಸಿಗುವುದಿಲ್ಲ. ನಿನಗೆ ನೆನಪಿರಬೇಕಲ್ಲ. ಒಂದು ಸಲ ಮಾತಾಡಿ ತೋರಿಸು.’

ಗಿಣಿ ಆಗುವುದಿಲ್ಲವೆಂದು ತಲೆಯಾಡಿಸಿದಳು. ಚಿಕ್ಕಮ್ಮ ಅವಳ ಕೈ ಹಿಡಿದುಕೊಂಡು ಕಾಯುತ್ತ ಕೂತಳು. ಕೊನೆಗೆ ಗಿಣಿ ಕಣ್ಣೊರೆಸಿಕೊಂಡು, ಕೆಸರಜ್ಜಿಯನ್ನು ಮನಸ್ಸಿನಿಂದ ಹೊರಗೆ ದಬ್ಬಿ, ಶಿಶುವಿಹಾರದ ಗೇಟನ್ನು ನೆನೆದುಕೊಂಡು, ಎರಡೂ ಕೈ ಚಾಚಿ ಕರೆದಳು.

‘ಬಾ ಮರೀ ಬಾ... ಮಡಿಲು ಖಾಲಿ ಇದೇ...’

ಚಿಕ್ಕಮ್ಮ ಕಣ್ಣು ಮುಚ್ಚಿ ಕೇಳಿದಳು. ಇನ್ನೊಮ್ಮೆ ಎಂದಳು. ಗಿಣಿ ಇನ್ನೊಮ್ಮೆ ಕರೆದಳು.

‘ಚೆನ್ನಾಗಿಯೇ ಇತ್ತಲ್ಲ’ ಎಂದಳು ಚಿಕ್ಕಮ್ಮ. ‘ಇದರಲ್ಲಿ ಹೆದರುವುದಕ್ಕೆ ಏನಿತ್ತು?’

ಅದನ್ನೂ ಅವಳು ಕೇಳಿದ್ದು ರಾಣಿಯ ದನಿಯಲ್ಲೇ, ಗಿಣಿ ಕಲಿಸಿಕೊಟ್ಟ ಹಾಗೆ ಮಾತಿನ ತುದಿಯನ್ನು ಮೆಲ್ಲಗೆ ಕೆಳಗಿಡುತ್ತ.